ರೊಟ್ಟಿ ಬಡಿದರೂ ನಡೆದ ಲೆಕ್ಕ

ಹೋದ ತಿಂಗಳು ನಮ್ಮ ಕಡೆಯ ಒಂದು ಡಿಗ್ರಿ ಕಾಲೇಜಿಗೆ ಹೋಗಿದ್ದೆವು. ಪತ್ರಿಕೋದ್ಯಮ ವಿಭಾಗದ ಮಕ್ಕಳ ಗೋಡೆಪತ್ರಿಕೆ ಬಿಡುಗಡೆಗೆ ನಮ್ಮನ್ನು ಅತಿಥಿಗಳೆಂದು ಕರೆದಿದ್ದರು. ಅತಿಥಿ ಅನ್ನುವುದು ದೊಡ್ಡ ಮಾತು. ಕರೆದರೆ ಬಸ್ ಹತ್ತಿ ಬರುವ ಹಳೆಯ ವಿದ್ಯಾರ್ಥಿಗಳು ನಾವು ನಾಲ್ವರೇ ಉಳಿದಿರುವುದು. ಶಾಲು, ಹಾರ, ಭಾಷಣ ಎಲ್ಲ ಮುಗಿದು ಸ್ಟಾಫ್ ರೂಮಿನಲ್ಲಿ ಮಂಡಕ್ಕಿ-ಮಿರ್ಚಿ ತಿನ್ನುತ್ತ ಕೂತಾಗ ಒಂದು ಸುದ್ದಿ ಕಿವಿಗೆ ಬಿತ್ತು. ಬರುವ ವರ್ಷದಿಂದ ಮೊದಲ ವರ್ಷದ ಮಕ್ಕಳೆಲ್ಲ ಕೈಗೆ ಫಿಟ್‌ನೆಸ್ ಬ್ಯಾಂಡ್ ಕಟ್ಟಬೇಕಂತೆ. ದಿನಕ್ಕೆ 10,000 ಹೆಜ್ಜೆ ಹಾಕಬೇಕು, ರಾತ್ರಿ ಮಲಗುವ ಮುಂಚೆ ಅದರ ಸ್ಕ್ರೀನ್‌ಶಾಟ್ ವಾಟ್ಸ್ಆ್ಯಪ್ ಗ್ರೂಪಿಗೆ ಕಳಿಸಬೇಕು. ತಪ್ಪದೆ ಕಳಿಸಿದವರಿಗೆ ಇಂಟರ್ನಲ್ಸ್‌ನಲ್ಲಿ ಐದು ಅಂಕ. ಬ್ಯಾಂಡನ್ನು ಮಕ್ಕಳೇ ಕೊಂಡುಕೊಳ್ಳಬೇಕು.

‘ಎಲ್ಲಾರ ಕೈಯಾಗೂ ಮೊಬೈಲ್ ಅದಾವ. ಒಂದೂವರೆ ಸಾವಿರದ ಬ್ಯಾಂಡ್ ಏನ್ ದೊಡ್ಡ ಮಾತ್ರೀ?’ ಎಂದರು ಒಬ್ಬ ಸರ್. ಅವರ ಕೈಯಲ್ಲೂ ಒಂದಿತ್ತು. ಅದು ಕೆಟ್ಟ ಉದ್ದೇಶದಿಂದ ಹುಟ್ಟಿದ ಮಾತಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇವೆ. ಅವರಿಗೆ ಸಕ್ಕರೆ ಕಾಯಿಲೆ ಗೊತ್ತಾದಾಗಿನಿಂದ ದಿನಾ ನಡೆಯುತ್ತಿದ್ದಾರೆ, ಆ ಪಟ್ಟಿ ತಮ್ಮನ್ನು ನಡೆಸುತ್ತಿದೆ ಎಂದು ಅವರು ನಂಬಿದ್ದಾರೆ. ತಮಗೆ ಒಳ್ಳೆಯದಾದದ್ದು ಮಕ್ಕಳಿಗೂ ಆಗಲಿ ಎಂಬ ಆಸೆ.

ಮರಳಿ ಬರುವಾಗ ಬಸ್ಸಿನಲ್ಲಿ ನಮ್ಮೊಳಗೇ ಜಗಳವಾಯಿತು. ಹಾಸ್ಟೆಲಿನಲ್ಲಿ ಓದಿದ ನಮ್ಮ ಗೆಳೆಯ ‘ಇರ್ಲಿ ಬಿಡ್ರೋ, ಹುಡುಗ್ರು ಕಾಟ್ ಬಿಟ್ಟು ಏಳಂಗಿಲ್ಲ, ರೀಲ್ಸ್ ನೋಡ್ಕೋತ ಬಿದ್ದಿರ್ತಾರ’ ಎಂದ. ದಿನಾ ಮೂರು ಕಿಲೋಮೀಟರು ನಡೆದು ಬಸ್ ಹಿಡಿದು ಡಿಗ್ರಿ ಮುಗಿಸಿದ ನಮ್ಮ ಗೆಳತಿ ಮಾತೇ ಆಡಲಿಲ್ಲ. ಇಳಿಯುವಾಗ ಮಾತ್ರ ‘ನಮ್ಮವ್ವನ ಕೈಗೆ ಕಟ್ಟಿ ನೋಡೂಣ, ಎಷ್ಟ್ ತೋರಸ್ತೈತಿ’ ಎಂದಳು.

ಹಾಗೆ ಶುರುವಾಯಿತು. ಪರಿಚಯದವರಿಂದ ಮೂರು ಬ್ಯಾಂಡ್ ಎರವಲು ತಂದು ಎರಡು ವಾರ ಕಟ್ಟಿಕೊಂಡೆವು, ಕಟ್ಟಿಸಿದೆವು. ಇದನ್ನು ಸಂಶೋಧನೆ ಎನ್ನುವ ಧೈರ್ಯ ನಮಗಿಲ್ಲ. ಆದರೆ ನೋಡಿದ್ದನ್ನು ಬರೆಯಲು ಕಲಿತವರು ನಾವು, ನೋಡಿದ್ದನ್ನು ಬರೆಯುತ್ತೇವೆ.

ಮೊದಲ ದಿನವೇ ಗೆಳತಿಯ ಅವ್ವ ಬೆಳಗಿನ ರೊಟ್ಟಿ ಬಡಿದು ಮುಗಿಸುವ ಹೊತ್ತಿಗೆ ಬ್ಯಾಂಡ್ ನೂರಾರು ಹೆಜ್ಜೆ ತೋರಿಸುತ್ತಿತ್ತು. ಆಕೆ ಒಲೆಯ ಮುಂದಿನಿಂದ ಎದ್ದೇ ಇರಲಿಲ್ಲ. ಅದೇ ಆಕೆ ಹೊಲದಿಂದ ತಲೆಯ ಮೇಲೆ ಮೇವಿನ ಹೊರೆ ಹೊತ್ತು, ಎರಡೂ ಕೈಯಿಂದ ಹೊರೆ ಹಿಡಿದು ಮನೆಗೆ ನಡೆದು ಬಂದರೆ ಲೆಕ್ಕ ಅರ್ಧವೂ ಏರಲಿಲ್ಲ. ಬ್ಯಾಡಗಿ ಕಡೆ ರಜೆಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿಗೆ ಹೋಗುವ ವಿದ್ಯಾರ್ಥಿನಿಯೊಬ್ಬಳು ಕಟ್ಟಿಕೊಂಡಳು. ದಿನವಿಡೀ ಕೂತೇ ಇದ್ದವಳಿಗೆ ಸಂಜೆ ‘ಭೇಷ್’ ಎಂದು ಪಟಾಕಿಯ ಚಿತ್ರ ಬಂತು. ಸೈಕಲ್ ತುಳಿದು ಕಾಲೇಜಿಗೆ ಬರುವ ಹುಡುಗನಿಗೆ ಏನೂ ಬರಲಿಲ್ಲ. ಗರಡಿ ಮನೆಯಲ್ಲಿ ಕಲ್ಲು ಎತ್ತಿ, ಬೆವರಿನಲ್ಲಿ ಮಿಂದು ಬಂದ ಪೈಲ್ವಾನ ಹುಡುಗನಿಗೆ ‘ಸ್ವಲ್ಪ ಎದ್ದು ಓಡಾಡಿ’ ಎಂದು ಅದು ಬುದ್ಧಿ ಹೇಳಿತು. ಅವನು ನಕ್ಕ ನಗೆ ಇನ್ನೂ ನಮ್ಮ ಕಿವಿಯಲ್ಲಿದೆ.

ಇನ್ನೊಬ್ಬ ಮಹಾಶಯ ಬ್ಯಾಂಡನ್ನು ಮೇಕೆಯ ಕಾಲಿಗೆ ಕಟ್ಟಿ ಮೇಯಲು ಬಿಟ್ಟ. ಹತ್ತು ಸಾವಿರ ದಾಟಿಸಿದ ಮೊದಲಿಗ ಅವನೇ, ಅಂದರೆ ಅವನ ಮೇಕೆ.

ಇದು ಯಂತ್ರದ ಮೋಸವಲ್ಲ, ಅದು ಇರುವುದೇ ಹಾಗೆ. ಪಟ್ಟಿಯೊಳಗೆ ಅಕ್ಸೆಲೆರೋಮೀಟರ್ ಎಂಬ ಸಣ್ಣ ಚಿಪ್ ಇದೆ. ಮೇಲೆ-ಕೆಳಗೆ, ಹಿಂದೆ-ಮುಂದೆ, ಎಡ-ಬಲ ಎಂದು ಮೂರು ದಿಕ್ಕಿನ ಅಲುಗಾಟವನ್ನು ಅದು ಗಮನಿಸುತ್ತದೆ. ನಡೆಯುವಾಗ ಕೈ ಬೀಸುವ ತಾಳಕ್ಕೆ ಹೊಂದುವ ಅಲುಗಾಟ ಕಂಡರೆ ಹೆಜ್ಜೆ ಎಂದು ಬರೆದುಕೊಳ್ಳುತ್ತದೆ. ಅದಕ್ಕೆ ಕಾಲು ಕಾಣುವುದಿಲ್ಲ, ಮಣಿಕಟ್ಟು ಮಾತ್ರ ಗೊತ್ತು. ರೊಟ್ಟಿ ಬಡಿಯುವುದಕ್ಕೂ ಒಂದು ತಾಳವಿದೆಯಲ್ಲ! ಹೊರೆ ಹಿಡಿದ ಕೈಗೆ, ಸೈಕಲ್ ಹ್ಯಾಂಡಲ್ ಹಿಡಿದ ಕೈಗೆ ಬೀಸಾಟವಿಲ್ಲ. ಕೈಬೀಸಿಕೊಂಡು ನಡೆಯುವವರನ್ನು ಎದುರಿಗಿಟ್ಟುಕೊಂಡು ಮಾಡಿದ ಸಾಮಾನಿದು. ನಮ್ಮ ಕಡೆ ಕೈಬೀಸಿಕೊಂಡು ನಡೆಯುವವರು ಯಾರು ಎಂದು ನೀವೇ ಯೋಚಿಸಿ.

ಇನ್ನು ಆ ಹತ್ತು ಸಾವಿರ. ಅದು ಯಾವುದೋ ವೈದ್ಯಕೀಯ ಮಂಡಳಿ ಅಳೆದು ತೂಗಿ ಹೇಳಿದ ಸಂಖ್ಯೆ ಎಂದೇ ನಾವೂ ನಂಬಿದ್ದೆವು. ಹುಡುಕಿದರೆ ಸಿಕ್ಕಿದ್ದು ಬೇರೆ. 1964ರ ಟೋಕಿಯೋ ಒಲಿಂಪಿಕ್ಸ್ ಮುಗಿದ ಮರುವರ್ಷ, ಜಪಾನಿನ ಕಂಪನಿಯೊಂದು ಸೊಂಟಕ್ಕೆ ಸಿಕ್ಕಿಸುವ ಹೆಜ್ಜೆ ಎಣಿಸುವ ಯಂತ್ರ ಮಾರಲು ತಂದಿತು. ಹೆಸರು ‘ಮಾನ್ಪೋಕೆ’, ಅಂದರೆ ಹತ್ತು ಸಾವಿರ ಹೆಜ್ಜೆಯ ಮಾಪಕ. ಹೇಳಲು ಕೇಳಲು ಚೆಂದದ, ಗುಂಡಗಿನ ಸಂಖ್ಯೆ. ಮಾರಾಟದ ಹೆಸರು ಜಗತ್ತಿನ ಆರೋಗ್ಯದ ಗುರಿಯಾಗಿ ಕೂತುಬಿಟ್ಟಿತು. 2019ರಲ್ಲಿ ಅಮೆರಿಕದಲ್ಲಿ ಸುಮಾರು 16,700 ವಯಸ್ಸಾದ ಮಹಿಳೆಯರ ನಡಿಗೆ ಅಳೆದ ಅಧ್ಯಯನ ಪ್ರಕಟವಾಯಿತು. ದಿನಕ್ಕೆ 4,400 ಹೆಜ್ಜೆ ಹಾಕುವವರಿಗೇ 2,700 ಹಾಕುವವರಿಗಿಂತ ಸಾವಿನ ಅಪಾಯ ಗಣನೀಯವಾಗಿ ಕಡಿಮೆ ಇತ್ತು. ಸುಮಾರು 7,500ರ ನಂತರ ಹೆಚ್ಚಿನ ಲಾಭ ಕಾಣಲಿಲ್ಲ. ಅವರು ಸರಾಸರಿ ವಯಸ್ಸು ಎಪ್ಪತ್ತು ದಾಟಿದ ಅಜ್ಜಿಯರು, ಇದನ್ನು ತಂದು ಹದಿನೆಂಟರ ಹುಡುಗರಿಗೆ ಅಂಟಿಸುವುದು ತಪ್ಪು. ಆದರೆ ಹತ್ತು ಸಾವಿರಕ್ಕೆ ಒಂದು ಕಡಿಮೆಯಾದರೂ ಅಂಕ ಇಲ್ಲ ಅನ್ನುವುದಕ್ಕೆ ಆಧಾರವಿಲ್ಲ ಎಂಬುದಂತೂ ಗೊತ್ತಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ತನ್ನ 2020ರ ಮಾರ್ಗಸೂಚಿಯಲ್ಲಿ ಹೆಜ್ಜೆಯ ಗುರಿ ಇಟ್ಟೇ ಇಲ್ಲ. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷದ ಮಧ್ಯಮ ಶ್ರಮ ಎಂದು ಸಮಯದಲ್ಲಿ ಹೇಳುತ್ತದೆ. ಆ ಶ್ರಮ ಆಟದ್ದಿರಬಹುದು, ದುಡಿಮೆಯದ್ದಿರಬಹುದು, ಮನೆಗೆಲಸದ್ದಿರಬಹುದು.

ಅಂಕಕ್ಕೆ ಹೆಜ್ಜೆ ಕಟ್ಟುವ ಯೋಚನೆ ನಮ್ಮ ಸರ್ ಅವರದ್ದೇ ಮೊದಲಲ್ಲ. ಅಮೆರಿಕದ ಒಕ್ಲಹೋಮಾದ ಓರಲ್ ರಾಬರ್ಟ್ಸ್ ವಿಶ್ವವಿದ್ಯಾಲಯ ಹೊಸದಾಗಿ ಸೇರಿದ ವಿದ್ಯಾರ್ಥಿಗಳಿಗೆ ಫಿಟ್‌ಬಿಟ್ ಕಟ್ಟುವುದನ್ನು ಕಡ್ಡಾಯ ಮಾಡಿದ್ದು 2016ರ ಆರಂಭದಲ್ಲಿ ದೊಡ್ಡ ಸುದ್ದಿಯಾಗಿತ್ತು. ಅಲ್ಲಿಯೂ ದಿನಕ್ಕೆ 10,000 ಹೆಜ್ಜೆ, ಅದಕ್ಕೆ ಅಂಕ. ಒಂದು ವ್ಯತ್ಯಾಸವಿದೆ. ಅಲ್ಲಿ ಅದಕ್ಕೂ ಮೊದಲು ವಿದ್ಯಾರ್ಥಿಗಳು ತಮ್ಮ ವ್ಯಾಯಾಮವನ್ನು ಪುಸ್ತಕದಲ್ಲಿ ಕೈಯಾರೆ ಬರೆದು ಒಪ್ಪಿಸಬೇಕಿತ್ತು. ವ್ಯಾಯಾಮ ಆಗಲೇ ಪಾಠದ ಭಾಗವಾಗಿತ್ತು, ಬ್ಯಾಂಡ್ ಬಂದದ್ದು ಆಮೇಲೆ. ನಮ್ಮಲ್ಲಿ ಮೈದಾನ ಬರುವ ಮೊದಲೇ ಬ್ಯಾಂಡ್ ಬರುತ್ತಿದೆ.

ಹಾಗಾದರೆ ಈ ಪಟ್ಟಿಗಳಿಂದ ಪ್ರಯೋಜನವೇ ಇಲ್ಲವೇ? ಇದೆ. ಹಾಸ್ಟೆಲ್ ಗೆಳೆಯನ ಮಾತನ್ನು ಇಲ್ಲಿ ಒಪ್ಪಬೇಕು. ನೂರಾರು ಅಧ್ಯಯನಗಳನ್ನು ಒಟ್ಟುಗೂಡಿಸಿ 2022ರಲ್ಲಿ ಬಂದ ಪರಾಮರ್ಶೆಯೊಂದು, ಬ್ಯಾಂಡ್ ಕಟ್ಟಿದವರು ದಿನಕ್ಕೆ ಸರಾಸರಿ 1,800 ಹೆಜ್ಜೆ ಹೆಚ್ಚು ಹಾಕುತ್ತಾರೆ ಎಂದು ಹೇಳಿತು. ಅದು ಸಣ್ಣದಲ್ಲ. ನಮ್ಮ ಗೆಳೆಯನೇ ಮೊದಲ ವಾರ ಬಸ್ ಸ್ಟ್ಯಾಂಡಿಗೆ ಆಟೋ ಬಿಟ್ಟು ನಡೆದ. ತಾನು ದಿನಕ್ಕೆ ಎಷ್ಟು ಹೊತ್ತು ಕೂತೇ ಇರುತ್ತೇನೆ ಎಂದು ನೋಡಿ ಅವನಿಗೇ ಗಾಬರಿಯಾಗಿತ್ತು. ಎರಡನೆಯ ವಾರ ಬ್ಯಾಂಡನ್ನು ಚಾರ್ಜಿಗೆ ಹಾಕಿ ಮರೆತ.

ಮರೆಯುವವನು ಅವನೊಬ್ಬನೇ ಅಲ್ಲ. ಸಿಂಗಪುರದಲ್ಲಿ 800 ಉದ್ಯೋಗಿಗಳ ಮೇಲೆ ನಡೆದ ಪ್ರಯೋಗದ ಫಲಿತಾಂಶ 2016ರಲ್ಲಿ ಬಂತು. ಕೆಲವರಿಗೆ ಬರೀ ಹೆಜ್ಜೆ ಎಣಿಸುವ ಯಂತ್ರ, ಕೆಲವರಿಗೆ ಯಂತ್ರದ ಜೊತೆ ಗುರಿ ಮುಟ್ಟಿದರೆ ಆರು ತಿಂಗಳು ನಗದು. ನಗದು ಸಿಗುವಾಗ ಜನ ನಡೆದರು. ನಿಂತ ಮೇಲೆ ಹಳೆಯ ಲಯಕ್ಕೆ ಮರಳಿದರು. ವರ್ಷ ತುಂಬುವ ಹೊತ್ತಿಗೆ ಯಂತ್ರವನ್ನು ಇನ್ನೂ ಬಳಸುತ್ತಿದ್ದವರು ಹತ್ತರಲ್ಲಿ ಒಬ್ಬರು. ಇಂಟರ್ನಲ್ಸ್‌ನ ಐದು ಅಂಕ ಅನ್ನುವುದು ನಮ್ಮ ಮಕ್ಕಳ ನಗದು. ಸೆಮಿಸ್ಟರ್ ಮುಗಿದ ಮರುದಿನ ಏನಾಗುತ್ತದೆ ಎಂದು ಊಹಿಸಲು ಸಿಂಗಪುರದವರೆಗೆ ಹೋಗಬೇಕಿಲ್ಲ. ಎನ್ಎಸ್ಎಸ್ ಶಿಬಿರದಲ್ಲಿ ನೆಟ್ಟ ಸಸಿಗಳ ಕಡೆ ಮರುವರ್ಷ ಹೋಗಿ ನೋಡಿದರೆ ಸಾಕು.

ಅದೇ 2016ರಲ್ಲಿ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದವರು 18ರಿಂದ 35 ವಯಸ್ಸಿನ, ತೂಕ ಇಳಿಸಬೇಕಾದ 471 ಜನರ ಮೇಲೆ ಎರಡು ವರ್ಷ ನಡೆಸಿದ ಪ್ರಯೋಗದ ಫಲ ಹೊರಬಂತು. ಊಟ-ವ್ಯಾಯಾಮದ ಸಲಹೆ ಎಲ್ಲರಿಗೂ ಇತ್ತು. ಅರ್ಧ ಜನ ಬ್ಯಾಂಡ್ ಕಟ್ಟಿದರು, ಉಳಿದರ್ಧ ಜನ ತಾವೇ ಬರೆದಿಟ್ಟುಕೊಂಡರು. ಬರೆದಿಟ್ಟವರು ಸರಾಸರಿ 5.9 ಕೆಜಿ ಇಳಿದರು, ಕಟ್ಟಿಕೊಂಡವರು 3.5 ಕೆಜಿ. ಕಾರಣ ಖಚಿತವಾಗಿ ಹೇಳಲು ಬರುವುದಿಲ್ಲ, ನಾವು ಹೇಳುವುದೂ ಇಲ್ಲ. ಆದರೆ ಇಪ್ಪತ್ತು ರೂಪಾಯಿಯ ನೋಟ್‌ಬುಕ್ಕನ್ನು ಯಾರೂ ಹೀಯಾಳಿಸಬಾರದು. ಅದೇ ವರ್ಷದ ಇನ್ನೊಂದು ಅಧ್ಯಯನ ನಮಗೆ ಹೆಚ್ಚು ಹತ್ತಿರವೆನಿಸಿತು. ಡ್ಯೂಕ್ ವಿಶ್ವವಿದ್ಯಾಲಯದ ಜೋರ್ಡನ್ ಎಟ್ಕಿನ್ ಅವರದು. ಚಿತ್ರಕ್ಕೆ ಬಣ್ಣ ತುಂಬುವುದು, ನಡೆಯುವುದು ಇಂಥ ಇಷ್ಟದ ಕೆಲಸಗಳನ್ನು ಅಳೆಯತೊಡಗಿದರೆ ಜನ ಜಾಸ್ತಿ ಮಾಡುತ್ತಾರೆ, ಆದರೆ ಖುಷಿ ಕಡಿಮೆಯಾಗುತ್ತದೆ, ಅಳತೆ ನಿಂತಾಗ ಮಾಡುವುದೂ ಕಡಿಮೆಯಾಗುತ್ತದೆ ಎಂದು ಅವರು ತೋರಿಸಿದರು. ಆಟ ಕೆಲಸವಾಗಿಬಿಡುತ್ತದೆ.

ನಮ್ಮ ಚಿಂತೆಯೂ ಇದೇ. ನಮ್ಮ ಹೆಣ್ಣುಮಕ್ಕಳಿಗೆ ಕೆಲಸಕ್ಕೆ ಕೊರತೆಯಿಲ್ಲ. ಕೊರತೆ ಇರುವುದು ಆಟಕ್ಕೆ.

ಎರಡು ವಾರದಲ್ಲಿ ನಾವು ಮಾತಾಡಿಸಿದ ಹುಡುಗಿಯೊಬ್ಬಳ ದಿನ ಹೀಗಿದೆ. ಐದಕ್ಕೆ ಏಳುತ್ತಾಳೆ. ದನದ ಕಸ ತೆಗೆದು, ನೀರು ತುಂಬಿ, ತಮ್ಮನಿಗೆ ಬುತ್ತಿ ಕಟ್ಟಿ ಏಳೂವರೆಗೆ ಮನೆ ಬಿಡುತ್ತಾಳೆ. ರಸ್ತೆಗೆ ಎರಡೂವರೆ ಕಿಲೋಮೀಟರು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಟಿಕೆಟ್ ದುಡ್ಡು ಉಳಿದಿದೆ, ಆದರೆ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ನಿಂತೇ ಬರುತ್ತಾಳೆ. ಕೊನೆಯ ತರಗತಿ ಮುಗಿದ ಕೂಡಲೇ ಓಡಬೇಕು, ಆ ಬಸ್ ತಪ್ಪಿದರೆ ಮುಂದಿನದು ಕತ್ತಲಾದ ಮೇಲೆ. ‘ಹೈಸ್ಕೂಲಿನ್ಯಾಗ ಖೋ ಖೋ ಆಡ್ತಿದ್ದೆ ರೀ ಅಕ್ಕಾ, ತಾಲೂಕ್ ಮಟ್ಟಕ್ಕ ಹೋಗಿದ್ದೆ. ಈಗ ಓಡೂದಂದ್ರ ಬಸ್ಸಿಗಷ್ಟ’ ಎಂದಳು ನಗುತ್ತ. ಆ ಓಟವನ್ನು ಬ್ಯಾಂಡ್ ಎಣಿಸುತ್ತದೆ. ಅಂಕವೂ ಬರುತ್ತದೆ. ಸಂಜೆ ಕಾಲು ನೋವೆಂದು ಮಲಗುವ ಈ ಹುಡುಗಿಗೆ ನಾವು ಕೊಟ್ಟದ್ದೇನು?

ದಿನವಿಡೀ ದುಡಿಯುವವರಿಗೆ ವ್ಯಾಯಾಮ ಯಾಕೆ ಬೇಕು ಎಂದು ಕೇಳುವವರು ನಮ್ಮೂರಲ್ಲಿ ಬಹಳ. ನಾವೂ ಒಂದು ಕಾಲಕ್ಕೆ ಹಾಗೇ ಅಂದುಕೊಂಡಿದ್ದೆವು. ಆದರೆ ಬೇಕಾಗಿ ಆಡಿದ ಆಟ ದೇಹಕ್ಕೆ ಕೊಡುವ ಲಾಭವನ್ನು ವಿಶ್ರಾಂತಿಯಿಲ್ಲದ ಭಾರದ ದುಡಿಮೆ ಕೊಡುವುದಿಲ್ಲ ಎಂದು ಡೆನ್ಮಾರ್ಕಿನ ಸಂಶೋಧಕರು ಹಲವು ವರ್ಷಗಳಿಂದ ಬರೆಯುತ್ತಿದ್ದಾರೆ. ಹೊರೆ ಹೊರುವುದು ಬೆನ್ನಿಗೆ, ಮೊಣಕಾಲಿಗೆ ಖರ್ಚು. ಆಟದಲ್ಲಿ ಉಸಿರು ಏರುತ್ತದೆ, ಇಳಿಯುತ್ತದೆ, ನಡುವೆ ನಗುವಿರುತ್ತದೆ. ಎರಡನ್ನೂ ಒಂದೇ ಖಾತೆಗೆ ಜಮಾ ಮಾಡುವ ಯಂತ್ರಕ್ಕೆ ಈ ಭೇದ ಗೊತ್ತಿಲ್ಲ. ಗೊತ್ತಿರಬೇಕಾದದ್ದು ಕಾಲೇಜಿಗೆ.

2024ರಲ್ಲಿ ಲ್ಯಾನ್ಸೆಟ್ ಬಳಗದ ಪತ್ರಿಕೆಯಲ್ಲಿ ಬಂದ ಅಂದಾಜಿನ ಪ್ರಕಾರ ಭಾರತದ ವಯಸ್ಕರಲ್ಲಿ ಅರ್ಧದಷ್ಟು ಜನರಿಗೆ ಸಾಕಷ್ಟು ದೈಹಿಕ ಚಟುವಟಿಕೆ ಇಲ್ಲ. ಗಂಡಸರಲ್ಲಿ ಶೇ 42, ಹೆಂಗಸರಲ್ಲಿ ಶೇ 57. ಈ ಹದಿನೈದರ ಅಂತರವನ್ನು ಸೋಮಾರಿತನ ಎನ್ನುವ ಗಂಡಸು ಬೆಳಿಗ್ಗೆ ಆರಕ್ಕೆ ಯಾವುದೇ ತಾಲ್ಲೂಕು ಕ್ರೀಡಾಂಗಣಕ್ಕೆ ಬಂದು ನೋಡಲಿ. ಪೊಲೀಸ್ ನೇಮಕಾತಿಗೆ ಓಡುವ ಹುಡುಗರು ಸಿಗುತ್ತಾರೆ, ಕ್ರಿಕೆಟ್ ಆಡುವವರು ಸಿಗುತ್ತಾರೆ. ಹುಡುಗಿಯರು ಬೆರಳೆಣಿಕೆ, ಅವರೂ ಅಪ್ಪನನ್ನೋ ಅಣ್ಣನನ್ನೋ ಕರೆದುಕೊಂಡು ಬಂದವರು. ಊರ ರಸ್ತೆಯಲ್ಲಿ ಟ್ರ್ಯಾಕ್ ಪ್ಯಾಂಟ್ ಹಾಕಿ ಓಡಿದರೆ ಸಂಜೆಯೊಳಗೆ ಮನೆಗೆ ಮಾತು ಬರುತ್ತದೆ. ಯಾವ ಬ್ಯಾಂಡಿನ ಪಟಾಕಿಯೂ ಆ ಮಾತನ್ನು ತಡೆಯುವುದಿಲ್ಲ.

ಇನ್ನೊಂದು ವಿಷಯವನ್ನು ಸ್ಟಾಫ್ ರೂಮಿನಲ್ಲಿ ಯಾರೂ ಎತ್ತಲಿಲ್ಲ. ಈ ಪಟ್ಟಿ ಹೆಜ್ಜೆಯ ಜೊತೆ ಎದೆಬಡಿತ, ನಿದ್ದೆ, ಎದ್ದ ಹೊತ್ತು, ಮಲಗಿದ ಹೊತ್ತು ಬರೆಯುತ್ತದೆ. ಜಿಪಿಎಸ್ ಇದ್ದರೆ ಹೋದ ದಾರಿಯನ್ನೂ ಬರೆಯುತ್ತದೆ. ಎಷ್ಟೋ ಆ್ಯಪ್‌ಗಳು ಮುಟ್ಟಿನ ದಿನ ಕೇಳುತ್ತವೆ. 2018ರ ಜನವರಿಯಲ್ಲಿ ಸ್ಟ್ರಾವಾ ಎಂಬ ಆ್ಯಪ್ ಬಿಡುಗಡೆ ಮಾಡಿದ್ದ ನಕ್ಷೆಯಲ್ಲಿ, ಮರುಭೂಮಿಯ ನಡುವಿನ ಸೇನಾ ನೆಲೆಗಳು ಸೈನಿಕರು ಓಡಿದ ಗೆರೆಗಳಿಂದ ಬಯಲಾಗಿದ್ದವು. ಸೇನೆಗೇ ಗೊತ್ತಾಗದೆ ಬಯಲಾದದ್ದು ನಮ್ಮ ಹುಡುಗಿಯರ ಪಾಡಿಗೆ ಏನಾದೀತು? ಗ್ರೂಪಿಗೆ ಬಿದ್ದ ಸ್ಕ್ರೀನ್‌ಶಾಟನ್ನು ನೂರು ಜನ ನೋಡುತ್ತಾರೆ. ‘ರಾತ್ರಿ ಹನ್ನೊಂದಕ್ಕ ಎಲ್ಲಿ ನಡದಿ?’ ಎಂದು ಅಣ್ಣ ಕೇಳಲು ಒಂದು ಸಾಕ್ಷಿ ನಾವೇ ಕೊಟ್ಟಂತೆ. ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಪ್ಪಿಗೆ ಮುಕ್ತವಾಗಿರಬೇಕು, ಷರತ್ತಿಲ್ಲದ್ದಾಗಿರಬೇಕು ಎನ್ನುತ್ತದೆ. ಐದು ಅಂಕ ಹೋಗುತ್ತದೆ ಎಂಬ ಹೆದರಿಕೆಯಲ್ಲಿ ಕೊಟ್ಟ ಒಪ್ಪಿಗೆ ಎಂಥ ಒಪ್ಪಿಗೆ?

ಹಾಗೆಂದು ಬ್ಯಾಂಡನ್ನು ಕಾಲೇಜಿನ ಗೇಟಿನ ಹೊರಗೇ ನಿಲ್ಲಿಸಿ ಎನ್ನುತ್ತಿಲ್ಲ. ಕಾಲೇಜೇ ಇಪ್ಪತ್ತೋ ಮೂವತ್ತೋ ಬ್ಯಾಂಡ್ ಕೊಳ್ಳಲಿ. ಲೈಬ್ರರಿಯ ಪುಸ್ತಕದ ಹಾಗೆ, ಕೇಳಿದವರಿಗೆ ಒಂದು ತಿಂಗಳು ಎರವಲು ಕೊಡಲಿ. ನಮ್ಮ ಹಾಸ್ಟೆಲ್ ಗೆಳೆಯನಿಗೆ ಆದಂತೆ, ತಾನು ಎಷ್ಟು ಕೂತಿರುತ್ತೇನೆ ಎಂದು ಒಮ್ಮೆ ಕಣ್ಣಾರೆ ನೋಡಲು ತಿಂಗಳು ಸಾಕು. ಗ್ರೂಪಿಗೆ ಕಳಿಸುವುದು ಬೇಡ, ಅಂಕ ಬೇಡ. ವಿಜ್ಞಾನ ವಿಭಾಗದವರು ಅದನ್ನೇ ಪಾಠ ಮಾಡಬಹುದು: ರೊಟ್ಟಿಗೆ ಎಷ್ಟು, ಹೊರೆಗೆ ಎಷ್ಟು, ಸೈಕಲ್ಲಿಗೆ ಎಷ್ಟು, ಯಾಕೆ. ನಮ್ಮ ಎರಡು ವಾರದಲ್ಲಿ ಮಕ್ಕಳು ಅತಿ ಹೆಚ್ಚು ಖುಷಿಪಟ್ಟದ್ದು ಯಂತ್ರವನ್ನು ತಪ್ಪು ಹಿಡಿಯುವುದರಲ್ಲೇ.

ದುಡ್ಡಿನ ಲೆಕ್ಕವನ್ನೂ ಹಾಕಿ. ಮುನ್ನೂರು ಮಕ್ಕಳು ತಲಾ ಒಂದೂವರೆ ಸಾವಿರ ಕೊಟ್ಟರೆ ನಾಲ್ಕೂವರೆ ಲಕ್ಷ ರೂಪಾಯಿ. ಎರಡು ವರ್ಷಕ್ಕೆ ಬ್ಯಾಟರಿ ಸತ್ತು ಕಸಕ್ಕೆ ಹೋಗುವ ಸಾಮಾನಿಗೆ. ಅದೇ ಕಾಲೇಜಿನ ಹಿಂದಿನ ಮೈದಾನದಲ್ಲಿ ನಾವು ಓದುವಾಗ ಬೆಳೆದಿದ್ದ ಜಾಲಿ ಇನ್ನೂ ಹಾಗೇ ಇದೆ. ಖೋ ಖೋ ಅಂಕಣಕ್ಕೆ ಬೇಕಾಗುವುದು ಎರಡು ಕಂಬ, ಸುಣ್ಣ, ಮೆತ್ತನೆಯ ಮಣ್ಣು. ಹುಡುಗಿಯರಿಗೆ ಬಟ್ಟೆ ಬದಲಿಸಲು ಚಿಲಕವಿರುವ ಒಂದು ಕೋಣೆ, ನೀರು ಬರುವ ಒಂದು ಶೌಚಾಲಯ. ಪ್ರವೇಶದ ಸಮಯದಲ್ಲಿ ಪ್ರತಿ ವರ್ಷ ಕಟ್ಟುವ ಕ್ರೀಡಾ ಶುಲ್ಕದ ರಸೀದಿ ನಮ್ಮ ಹತ್ತಿರ ಇನ್ನೂ ಇದೆ. ಮತ್ತೆ ಸಮಯ: ವಾರದಲ್ಲಿ ಎರಡು ಸಲ, ಕೊನೆಯ ಬಸ್ಸಿನ ಮೊದಲು, ಟೈಮ್‌ಟೇಬಲಿನ ಒಳಗೇ ಒಂದು ಗಂಟೆ ಆಟಕ್ಕೆ ಬೇಕು. ತರಗತಿ ಮುಗಿದ ಮೇಲೆ ಎಂದರೆ ಹಳ್ಳಿಯಿಂದ ಬರುವವರಿಗೆ ಇಲ್ಲವೆಂದೇ ಅರ್ಥ.

ಬ್ಯಾಂಡುಗಳನ್ನು ಮರಳಿಸುವ ಮುಂಚೆ ಕೊನೆಯ ಶನಿವಾರ ಜಾಲಿ ಇಲ್ಲದ ಒಂದು ಮೂಲೆಯಲ್ಲಿ ಖೋ ಖೋ ಆಡಿದೆವು. ಆ ತಾಲೂಕು ಮಟ್ಟದ ಹುಡುಗಿಯೂ ಇದ್ದಳು, ಅರ್ಧ ದಿನದ ಕಾಲೇಜು, ಬಸ್ಸಿಗೆ ಹೊತ್ತಿತ್ತು. ಬಳೆಗೆ ತಾಗುತ್ತದೆ ಎಂದು ಬ್ಯಾಂಡ್ ಬಿಚ್ಚಿ ನಮ್ಮ ಕೈಗೆ ಕೊಟ್ಟು ಓಡಿದಳು. ನಮ್ಮಲ್ಲಿ ಇಬ್ಬರನ್ನು ಔಟ್ ಮಾಡಿದಳು. ಎಷ್ಟು ಹೆಜ್ಜೆಯಾಯಿತೋ ಬರೆದಿಟ್ಟವರಿಲ್ಲ.

ಈ ಬರಹದ ಒಂದು ಪ್ರತಿಯನ್ನು ಆ ಸರ್ ಅವರಿಗೆ ಕಳಿಸಿದ್ದೇವೆ. ‘ಬರ್ರಿ, ಕೂತು ಮಾತಾಡೂಣು’ ಎಂದಿದ್ದಾರೆ. ಬರುವ ಸೋಮವಾರ ಹೋಗುತ್ತಿದ್ದೇವೆ. ಕ್ರೀಡಾ ಶುಲ್ಕದ ರಸೀದಿಗಳನ್ನೂ ಒಯ್ಯುತ್ತೇವೆ.